ಮೂಗಿನ ಲೋಳೆಪೊರೆಯ ಮೂಲಕ ಔಷಧ: ಹೀರಿಕೆ ಹೆಚ್ಚಿಸುವ ದಾರಿಗಳಲ್ಲಿ ಯಾವುದು, ಯಾವಾಗ?

ಎಂ.ಫಾರ್ಮ್ ಎರಡನೆಯ ವರ್ಷದ ಪ್ರಾಜೆಕ್ಟ್ ಆರಿಸಿಕೊಳ್ಳುವ ದಿನಗಳಲ್ಲಿ ವಿದ್ಯಾರ್ಥಿಗಳು ನನ್ನ ಬಳಿಗೆ ತರುವ ಪ್ರಶ್ನೆ ಬಹುತೇಕ ಒಂದೇ: "ಸರ್, ನೇಸಲ್ ಸ್ಪ್ರೇಗೆ ಯಾವ ಎನ್‌ಹ್ಯಾನ್ಸರ್ ಹಾಕಲಿ?" ಉತ್ತರವಾಗಿ ಕೈಟೊಸಾನ್ ಎಂಬ ಅಂಟುಗುಣದ ಪಾಲಿಮರಿನ ಹೆಸರು ಅವರ ಮನಸ್ಸಿನಲ್ಲಿ ಆಗಲೇ ಕುಳಿತಿರುತ್ತದೆ. ನಾನು ಅವರನ್ನು ತಿರುಗಿ ಕೇಳುವುದು ಬೇರೆಯದೇ ಪ್ರಶ್ನೆಯನ್ನು. ನಿಮ್ಮ ಔಷಧ ಈಗ ಎಲ್ಲಿ ತಡೆದು ನಿಲ್ಲುತ್ತಿದೆ? ನೀರಿನಲ್ಲಿ ಕರಗದೆ ನಿಂತಿದೆಯೋ, ಕರಗಿದ್ದರೂ ಹೀರಲ್ಪಡುವ ಮೊದಲೇ ಗಂಟಲಿಗೆ ಇಳಿದುಹೋಗುತ್ತಿದೆಯೋ, ಪೊರೆಯ ಮೇಲೆ ಸಾಕಷ್ಟು ಹೊತ್ತು ಇದ್ದರೂ ಒಳಗೆ ದಾಟಲಾರದೆ ಉಳಿದಿದೆಯೋ, ಅಥವಾ ದಾಟುವ ದಾರಿಯಲ್ಲಿ ಕಿಣ್ವಗಳಿಗೆ ತುತ್ತಾಗುತ್ತಿದೆಯೋ? ಈ ನಾಲ್ಕರಲ್ಲಿ ಯಾವುದೆಂದು ತಿಳಿಯದೆ ವರ್ಧಕವನ್ನು (ಎನ್‌ಹ್ಯಾನ್ಸರ್, ಅಂದರೆ ಹೀರಿಕೆ ಹೆಚ್ಚಿಸುವ ವಸ್ತುವನ್ನು) ಆರಿಸುವುದು ರೋಗ ಗೊತ್ತಾಗುವ ಮೊದಲೇ ಮದ್ದು ಕೊಟ್ಟ ಹಾಗೆ. ಫಾರ್ಮುಲೇಷನ್ (ಔಷಧವನ್ನು ಬಳಸಬಹುದಾದ ರೂಪಕ್ಕೆ ತರುವ) ಕೆಲಸದಲ್ಲಿರುವವರಿಗೂ ಆ ಕಡೆಗೆ ಹೊರಟಿರುವ ವಿದ್ಯಾರ್ಥಿಗಳಿಗೂ ಈ ಆಯ್ಕೆಯನ್ನು ಯಾವ ಕ್ರಮದಲ್ಲಿ ಮಾಡಬಹುದು ಎಂಬುದನ್ನು, ಈಗಾಗಲೇ ಬಳಕೆಗೆ ಬಂದಿರುವ ಔಷಧಗಳನ್ನೇ ಪಕ್ಕಪಕ್ಕದಲ್ಲಿ ಇಟ್ಟು ಇಲ್ಲಿ ವಿವರಿಸಿದ್ದೇನೆ.

ಮೊದಲು ಮೂಗಿನ ಅಳತೆ

ವಯಸ್ಕರ ಮೂಗಿನ ಒಳಗಿನ ಒಟ್ಟು ಮೇಲ್ಮೈ ಸುಮಾರು 150–160 ಚದರ ಸೆಂಟಿಮೀಟರ್ ಇದೆ. ಅಂಗೈಯಷ್ಟು ಅಗಲವೆಂದುಕೊಂಡರೆ ಅಂದಾಜು ಸಿಗುತ್ತದೆ. ಪೊರೆಯ ಕೆಳಗೆ ರಕ್ತನಾಳಗಳ ದಟ್ಟವಾದ ಜಾಲವಿದೆ, ಮತ್ತು ಅಲ್ಲಿಂದ ಹೊರಟ ರಕ್ತ ಯಕೃತ್ತಿಗೆ ಹೋಗದೆ ನೇರವಾಗಿ ದೇಹವನ್ನು ಸೇರುತ್ತದೆ. ನಶ್ಯದ ಡಬ್ಬಿ ಸೊಂಟದಲ್ಲಿಟ್ಟುಕೊಂಡು ತಿರುಗುತ್ತಿದ್ದ ನಮ್ಮ ಹಿರಿಯರಿಗೆ ಚಿಟಿಕೆ ಪುಡಿಯ ನಿಕೋಟಿನ್ ನಿಮಿಷಗಳಲ್ಲೇ ತಲೆಗೆ ಏರುತ್ತಿದ್ದುದು ಇದೇ ಪೊರೆಯಿಂದ.

ಆದರೆ ಈ ದಾರಿಗೆ ಕಟ್ಟುನಿಟ್ಟಾದ ಮಿತಿಗಳಿವೆ. ಒಂದು ಹೊಳ್ಳೆಗೆ 0.1 ಮಿ.ಲೀ. ದ್ರವ ಹಿತಮಿತವಾದ ಪ್ರಮಾಣ, 0.2 ಮಿ.ಲೀ. ದಾಟಿದರೆ ಹೆಚ್ಚಿನದೆಲ್ಲ ಮುಂದಕ್ಕೆ ಸೋರುತ್ತದೆ ಅಥವಾ ಹಿಂದಕ್ಕೆ ಗಂಟಲಿಗೆ ಇಳಿಯುತ್ತದೆ. ಲೋಳೆಯ ಪದರವನ್ನು ಸೂಕ್ಷ್ಮ ರೋಮಗಳು ನಿಮಿಷಕ್ಕೆ ಸುಮಾರು 5–6 ಮಿ.ಮೀ. ವೇಗದಲ್ಲಿ ಹಿಂದಕ್ಕೆ ತಳ್ಳುತ್ತಲೇ ಇರುವುದರಿಂದ, ಸಾಧಾರಣ ದ್ರಾವಣವೊಂದಕ್ಕೆ ಸಿಗುವ ಕಾಲಾವಕಾಶ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಮಾತ್ರ. ಇನ್ನು ಗಾತ್ರದ ಮಾತು. ಅಣುತೂಕ 1,000 ಡಾಲ್ಟನ್ ದಾಟುತ್ತಿದ್ದಂತೆ ಹೀರಿಕೆ ಕಡಿದಾಗಿ ಇಳಿಯುತ್ತದೆ. ಕೊಬ್ಬಿನಲ್ಲಿ ಕರಗುವ ನೋವುನಿವಾರಕ ಫೆಂಟನಿಲ್‌ನ ಬರಿಯ ದ್ರಾವಣ ಯಾವ ವರ್ಧಕವೂ ಇಲ್ಲದೆ ಶೇ 89ರಷ್ಟು ರಕ್ತ ಸೇರಿದರೆ, 3,432 ಡಾಲ್ಟನ್ ತೂಕದ ಸಾಲ್ಮನ್ ಕ್ಯಾಲ್ಸಿಟೋನಿನ್ ಎಂಬ ಮೂಳೆಸವೆತದ ಹಾರ್ಮೋನ್ ಔಷಧ, ಚುಚ್ಚುಮದ್ದಿಗೆ ಹೋಲಿಸಿದರೆ ಸರಾಸರಿ ಶೇ 3ರಷ್ಟು ಮಾತ್ರ ಸೇರುತ್ತದೆ. ಆ ಸರಾಸರಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಅದರ ಹರಹು: ಅದೇ ಸ್ಪ್ರೇ ಒಬ್ಬರಲ್ಲಿ ಶೇ 0.3, ಇನ್ನೊಬ್ಬರಲ್ಲಿ ಶೇ 30. ಹೀರಿಕೆಯನ್ನು ಹೆಚ್ಚಿಸುವುದರ ಜೊತೆಗೆ ಅದನ್ನು ಎಲ್ಲರಲ್ಲೂ ಒಂದೇ ಹದಕ್ಕೆ ತರುವುದೂ ನಮ್ಮ ಕೆಲಸವೇ.

ವರ್ಧಕವಿಲ್ಲದೆ ಆಗುವುದಾದರೆ ಅದೇ ಲೇಸು

ಅತಿ ಸುಲಭವಾದ ಸುಧಾರಣೆಯನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ದ್ರವದ ಪ್ರಮಾಣ ಇಳಿಸಿ, ಔಷಧದ ಸಾಂದ್ರತೆ ಏರಿಸುವುದೇ ಅದು. ಇದಕ್ಕೆ ನಲೋಕ್ಸೋನ್‌ಗಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ. ಅಮೆರಿಕದಲ್ಲಿ ಓಪಿಯಾಯ್ಡ್ (ಅಫೀಮಿನ ಬಗೆಯ ಮದ್ದು) ಅತಿಸೇವನೆಯಿಂದ ಉಸಿರು ನಿಲ್ಲುವವರಿಗೆ ಕೊಡಲು ಮೊದಲು ಬಳಸುತ್ತಿದ್ದುದು 2 ಮಿ.ಗ್ರಾಂ ಔಷಧವಿರುವ 2 ಮಿ.ಲೀ. ಚುಚ್ಚುಮದ್ದಿನ ದ್ರಾವಣವನ್ನೇ, ಸಿರಿಂಜಿನ ತುದಿಗೆ ಅಟಮೈಸರ್ ಸಿಕ್ಕಿಸಿ ಒಂದೊಂದು ಹೊಳ್ಳೆಗೆ 1 ಮಿ.ಲೀ. ಸಿಂಪಡಿಸುತ್ತಿದ್ದರು. ಮೂಗು ಹಿಡಿದುಕೊಳ್ಳಬಲ್ಲದ್ದರ ಐದು ಪಟ್ಟಿಗೂ ಮಿಗಿಲಾದ ಆ ದ್ರವದ ಬಹುಪಾಲು ಗಂಟಲಿಗೆ ಹರಿದುಹೋಗುತ್ತಿತ್ತು. 2015ರ ನವೆಂಬರಿನಲ್ಲಿ ಅನುಮೋದನೆ ಪಡೆದ ನಾರ್ಕಾನ್ ಸ್ಪ್ರೇ 4 ಮಿ.ಗ್ರಾಂ ಔಷಧವನ್ನು ಕೇವಲ 0.1 ಮಿ.ಲೀ. ಒಳಗೆ ಅಡಗಿಸಿತು, ಮತ್ತು ಅದರ ಜೈವಿಕ ಲಭ್ಯತೆ (ರಕ್ತ ಸೇರುವ ಪಾಲು) ಸ್ನಾಯುವಿಗೆ ಕೊಡುವ ಚುಚ್ಚುಮದ್ದಿನ ಸುಮಾರು ಅರ್ಧದಷ್ಟಕ್ಕೆ ಬಂದಿತು. ಪೊರೆಯನ್ನು ಸಡಿಲಿಸಲೆಂದು ಅದರಲ್ಲಿ ಯಾವ ವರ್ಧಕವನ್ನೂ ಸೇರಿಸಿಲ್ಲ.

ನಮ್ಮಲ್ಲಿ ಅಪಸ್ಮಾರದ ಮಕ್ಕಳ ಮನೆಗಳಲ್ಲಿ ಇರುವ ಮಿಡಜೋಲಾಮ್ ಸ್ಪ್ರೇಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಒಂದು ಒತ್ತಿಗೆ 0.1 ಮಿ.ಲೀ. ದ್ರವದಲ್ಲಿ 0.5 ಮಿ.ಗ್ರಾಂ ಬರುವ ಸ್ಪ್ರೇಯಲ್ಲಿ ಪ್ರತಿ ಕಿಲೋ ತೂಕಕ್ಕೆ 0.2 ಮಿ.ಗ್ರಾಂ ಲೆಕ್ಕ ಹಾಕಿದರೆ 10 ಕಿಲೋ ತೂಕದ ಮಗುವಿಗೆ 4 ಒತ್ತು ಸಾಕಾಗುತ್ತದೆ. 50 ಕಿಲೋ ತೂಕದ ಹುಡುಗಿಗೆ 20 ಒತ್ತು, ಅಂದರೆ 2 ಮಿ.ಲೀ. ಬೇಕಾಗುತ್ತದೆ. ಮಗಳು ಸೆಳೆತದಲ್ಲಿ ಒದ್ದಾಡುತ್ತಿರುವಾಗ ತಾಯಿಯೊಬ್ಬಳು ಇಪ್ಪತ್ತು ಸಲ ಎಣಿಸಿ ಒತ್ತುವುದನ್ನು ಕಲ್ಪಿಸಿಕೊಂಡರೆ ಸಾಂದ್ರತೆಯ ಪ್ರಶ್ನೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಒಂದು ಒತ್ತಿಗೆ 1.25 ಮಿ.ಗ್ರಾಂ ಕೊಡುವ ಸ್ಪ್ರೇಗಳು ಬಂದಿರುವುದು ಈ ಕಾರಣಕ್ಕೇ. 2019ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನೇಜಿಲಾಮ್ ಇನ್ನೂ ಮುಂದೆ ಹೋಗಿ, ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್ ಮತ್ತು ಪಾಲಿಎಥಿಲೀನ್ ಗ್ಲೈಕಾಲ್‌ಗಳ ಮಿಶ್ರಣದಲ್ಲಿ 5 ಮಿ.ಗ್ರಾಂ ಪೂರ್ತಿಯನ್ನು 0.1 ಮಿ.ಲೀ. ಒಳಗೆ ಕರಗಿಸಿದೆ. ಚುಚ್ಚುಮದ್ದಿನ ಮಿಡಜೋಲಾಮ್‌ನ ಪಿಎಚ್ 3ರ ಆಸುಪಾಸು ಇರುವುದರಿಂದ ಅದನ್ನೇ ಮೂಗಿಗೆ ಸಿಂಪಡಿಸಿದಾಗ ಉರಿ ತಡೆಯಲಾಗುವುದಿಲ್ಲ. ಮೂಗಿನ ಲೋಳೆಯ ಸಹಜ ಪಿಎಚ್ 5.5–6.5 ಎಂಬುದನ್ನು ನೆನಪಿನಲ್ಲಿಟ್ಟು ಬಫರ್ ಆರಿಸುವುದೂ ಹೀರಿಕೆಯ ಕೆಲಸದ ಭಾಗವೇ, ಏಕೆಂದರೆ ಉರಿಯಿಂದ ಮೂಗು ಸುರಿಯತೊಡಗಿದರೆ ಔಷಧ ಅದರೊಡನೆ ಹೊರಬರುತ್ತದೆ.

ಹಾಗಾಗಿ ಅಣು ಚಿಕ್ಕದಾಗಿದ್ದು, ಕೊಬ್ಬಿನಲ್ಲಿ ಕರಗುವ ಗುಣವಿದ್ದು, ನೀರಿನಲ್ಲಿ ಮಾತ್ರ ಕರಗದೆ ಸತಾಯಿಸುತ್ತಿದ್ದರೆ, ನಿಮಗೆ ಬೇಕಾಗಿರುವುದು ಸರಿಯಾದ ದ್ರಾವಕ. ಇಲ್ಲಿ ಸಹದ್ರಾವಕಗಳಿಗೂ ಸೈಕ್ಲೋಡೆಕ್ಸ್‌ಟ್ರಿನ್‌ಗಳಿಗೂ ನಡುವೆ ಹೋಲಿಕೆ ಮಾಡಬೇಕಾಗುತ್ತದೆ. ಆಲ್ಕೋಹಾಲ್ ಮತ್ತು ಗ್ಲೈಕಾಲ್‌ಗಳು ಅಗ್ಗ, ಸುಲಭ, ಆದರೆ ಚುರುಗುಟ್ಟುತ್ತವೆ. ಆಗೊಮ್ಮೆ ಈಗೊಮ್ಮೆ ಬಳಸುವ ತುರ್ತು ಔಷಧಕ್ಕೆ ಅದನ್ನು ಒಪ್ಪಿಕೊಳ್ಳಬಹುದು. ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಉಂಗುರಾಕಾರದ ಸಕ್ಕರೆಯ ಅಣು ಔಷಧವನ್ನು ತನ್ನ ಪೊಳ್ಳಿನೊಳಗೆ ಕೂರಿಸಿಕೊಂಡು ನೀರಿನಲ್ಲಿ ಕರಗಿಸುತ್ತದೆ, ಮೂಗಿಗೆ ಹೆಚ್ಚು ಹಿತವೂ ಹೌದು. ಯುರೋಪಿನಲ್ಲಿ ಋತುಬಂಧದ ತೊಂದರೆಗಳಿಗೆ ಬಂದಿದ್ದ ಏರೋಡಯೋಲ್ ಎಂಬ ಎಸ್ಟ್ರಡಯೋಲ್ ಸ್ಪ್ರೇ ಮಿಥೈಲೇಟೆಡ್ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ಮೇಲೆ ನಿಂತಿತ್ತು. ಪ್ರತಿದಿನ ಬಳಸಬೇಕಾದ, ಕರಗದ ಸಣ್ಣ ಅಣುವಿಗೆ ನಾನು ಮೊದಲು ಪರೀಕ್ಷಿಸುವುದು ಸೈಕ್ಲೋಡೆಕ್ಸ್‌ಟ್ರಿನ್ ಅನ್ನೇ. ಆದರೆ ಒಂದು ಎಚ್ಚರಿಕೆ ಬೇಕು: ಅಗತ್ಯಕ್ಕಿಂತ ಹೆಚ್ಚು ಹಾಕಿದರೆ ಔಷಧ ಉಂಗುರದೊಳಗೇ ಸಿಕ್ಕಿಕೊಂಡು, ಪೊರೆ ದಾಟಲು ಬಿಡಿಯಾಗಿ ಸಿಗುವ ಅಂಶ ಕಡಿಮೆಯಾಗುತ್ತದೆ.

ಹೆಚ್ಚು ಹೊತ್ತು ಉಳಿಸಿಕೊಳ್ಳುವ ದಾರಿ

ಔಷಧ ಕರಗಿದೆ, ಪೊರೆ ದಾಟಬಲ್ಲದು, ಆದರೆ ನಿಧಾನವಾಗಿ ದಾಟುತ್ತದೆ ಎನ್ನುವ ಸಂದರ್ಭದಲ್ಲಿ ಕಾಲಾವಕಾಶವನ್ನು ಹಿಗ್ಗಿಸುವ ಅಂಟುಗುಣದ ಪಾಲಿಮರುಗಳು ನೆರವಾಗುತ್ತವೆ. ನಮ್ಮ ಕಾಲೇಜುಗಳಲ್ಲಿ ಅತಿ ಹೆಚ್ಚು ಪ್ರಾಜೆಕ್ಟುಗಳು ನಡೆಯುವುದು ಇಲ್ಲಿಯೇ, ಅದರಲ್ಲೂ ಪೊಲಾಕ್ಸಮರ್ 407ರ ಇನ್ ಸಿಟು ಜೆಲ್ ಮೇಲೆ. ಕೋಣೆಯ ಉಷ್ಣತೆಯಲ್ಲಿ ದ್ರವವಾಗಿದ್ದು ಮೂಗಿನ 32–34 ಡಿಗ್ರಿಯಲ್ಲಿ ಗಟ್ಟಿಯಾಗುವುದು ಅದರ ಹೆಚ್ಚುಗಾರಿಕೆ ಎಂದು ಪ್ರತಿ ಪ್ರಬಂಧದಲ್ಲೂ ಬರೆದಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಉಷ್ಣತೆ 40 ಡಿಗ್ರಿ ದಾಟುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಊರಿನ ಮನೆಯೊಂದರ ಗೂಡಿನಲ್ಲಿಟ್ಟ ಸ್ಪ್ರೇ ಬಾಟಲಿಯೊಳಗೇ ಜೆಲ್ ಕಟ್ಟಿ, ಪಂಪು ಒತ್ತಿದರೆ ಏನೂ ಬಾರದಂತಾಗುತ್ತದೆ. ನಮ್ಮ ನೆಲಕ್ಕೆ ಉಷ್ಣತೆಯಿಂದ ಜೆಲ್ ಆಗುವುದಕ್ಕಿಂತ, ಲೋಳೆಯಲ್ಲಿರುವ ಕ್ಯಾಲ್ಸಿಯಂ ಮುಂತಾದ ಅಯಾನುಗಳನ್ನು ಮುಟ್ಟಿದ ಕೂಡಲೇ ಜೆಲ್ ಆಗುವ ಜೆಲ್ಲನ್ ಗಮ್ ಅಥವಾ ಪೆಕ್ಟಿನ್ ಎಷ್ಟೋ ಪಾಲು ಸರಿಯಾದ ಆಯ್ಕೆ.

ಪೆಕ್ಟಿನ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 2010ರಲ್ಲಿ ಯುರೋಪಿನಲ್ಲಿ ಬಂದ ಪೆಕ್‌ಫೆಂಟ್ ಎಂಬ ಫೆಂಟನಿಲ್ ಸ್ಪ್ರೇಯಲ್ಲಿ ಪೆಕ್ಟಿನ್ ಇರುವುದು ಹೀರಿಕೆಯ ವೇಗವನ್ನು ಹದಗೊಳಿಸಿ, ರಕ್ತದಲ್ಲಿ ಔಷಧ ಒಮ್ಮೆಲೇ ತುತ್ತತುದಿಗೆ ಏರದಂತೆ ನೋಡಿಕೊಳ್ಳುವುದಕ್ಕೆ. ಜೆಲ್ ಔಷಧವನ್ನು ಪೊರೆಯ ಮೇಲೆ ಉಳಿಸುತ್ತದೆ, ಜೊತೆಗೇ ತನ್ನೊಳಗೂ ಹಿಡಿದುಕೊಳ್ಳುತ್ತದೆ. ನಿಮಿಷಗಳಲ್ಲಿ ಕೆಲಸ ಮಾಡಬೇಕಾದ ಔಷಧಕ್ಕೆ ಗಟ್ಟಿ ಜೆಲ್ ಆರಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಜೆಲ್‌ಗೆ ಪರ್ಯಾಯವಾಗಿ ಒಣ ಪುಡಿಯಿದೆ. ಪುಡಿ ಲೋಳೆಯಲ್ಲಿ ಕರಗುವಾಗ ಪೊರೆಗೆ ತಾಗಿದಂತೆಯೇ ಅತಿ ಹೆಚ್ಚಿನ ಸಾಂದ್ರತೆ ಉಂಟಾಗುತ್ತದೆ, ಕೆಳಗೆ ಸೋರುವ ದ್ರವವೇ ಇರುವುದಿಲ್ಲ, ಸಂರಕ್ಷಕವೂ ಬೇಡ. ನೀರಿನಲ್ಲಿ ಕೆಡುವ, ಅಮೈನೋ ಆಮ್ಲಗಳ ಸರಪಳಿಗಳಾದ ಪೆಪ್ಟೈಡ್‌ಗಳಿಗೆ ಇದು ಬಹಳ ಒಳ್ಳೆಯ ದಾರಿ. ಬೆಲೆ ಮತ್ತು ಉಪಕರಣದ ಕಷ್ಟ ಒಂದೆಡೆಯಾದರೆ, ತೇವಾಂಶ ಇನ್ನೊಂದೆಡೆ: ಮಂಗಳೂರು, ಕಾರವಾರದ ಮಳೆಗಾಲದ ಗಾಳಿಯಲ್ಲಿ ಪುಡಿ ಗಂಟುಕಟ್ಟದಂತೆ ಪ್ಯಾಕ್ ಮಾಡುವುದು ಫಾರ್ಮುಲೇಷನ್‌ನಷ್ಟೇ ಮುಖ್ಯವಾಗುತ್ತದೆ.

ಗೋಡೆಯನ್ನೇ ಸಡಿಲಿಸುವ ವರ್ಧಕಗಳು

ಈಗ ವಿದ್ಯಾರ್ಥಿಗಳು ಮೊದಲು ಕೇಳಿದ್ದ ಪ್ರಶ್ನೆಗೆ ಬರೋಣ. ನೀರನ್ನು ಹೆಚ್ಚು ಬಯಸುವ ಅಣು ಚಿಕ್ಕದಾಗಿದ್ದರೂ ಕೋಶದ ಕೊಬ್ಬಿನ ಪೊರೆಯನ್ನು ದಾಟಲಾರದು, ದೊಡ್ಡ ಪೆಪ್ಟೈಡ್ ಅಂತೂ ದಾಟಲಾರದು. ಅವೆರಡಕ್ಕೂ ಉಳಿಯುವ ದಾರಿ ಕೋಶಗಳ ನಡುವಿನ ಸಂದು, ಅದನ್ನು ಟೈಟ್ ಜಂಕ್ಷನ್ ಎಂಬ ಪ್ರೋಟೀನ್ ಬೆಸುಗೆ ಮುಚ್ಚಿರುತ್ತದೆ. ವರ್ಧಕ ಆ ಬೆಸುಗೆಯನ್ನು ಸ್ವಲ್ಪ ಹೊತ್ತು ಸಡಿಲಿಸಬೇಕು, ಆಮೇಲೆ ಅದು ತಾನಾಗಿ ಮುಚ್ಚಿಕೊಳ್ಳಬೇಕು. ಈ ಎರಡನೆಯ ಭಾಗದಲ್ಲಿಯೇ ಒಳ್ಳೆಯ ವರ್ಧಕವೂ ಕೆಟ್ಟದ್ದೂ ಬೇರೆಯಾಗುತ್ತವೆ.

ಈ ಪಾಠವನ್ನು ಇಡೀ ಕ್ಷೇತ್ರ ಕಲಿತದ್ದು ಇನ್ಸುಲಿನ್‌ನಿಂದ. 5,808 ಡಾಲ್ಟನ್ ತೂಕದ ಇನ್ಸುಲಿನ್ ಬರಿಯ ದ್ರಾವಣವಾಗಿ ಮೂಗಿನಿಂದ ಶೇ 1ರಷ್ಟೂ ಹೋಗುವುದಿಲ್ಲ. 1980ರ ದಶಕದಲ್ಲಿ ಡಿಆಕ್ಸಿಕೋಲೇಟ್, ಗ್ಲೈಕೋಕೋಲೇಟ್ ಮುಂತಾದ ಪಿತ್ತಲವಣಗಳನ್ನು ಸೇರಿಸಿ ಮನುಷ್ಯರಲ್ಲಿ ಪ್ರಯೋಗಿಸಿದಾಗ ಸಕ್ಕರೆಯ ಮಟ್ಟ ನಿಜವಾಗಿಯೂ ಇಳಿಯಿತು. ಪಿತ್ತಲವಣ ಪೊರೆಯ ಕೊಬ್ಬನ್ನು ಕರಗಿಸಿ ದಾರಿ ಮಾಡುತ್ತದೆ, ಕಿಣ್ವಗಳನ್ನೂ ತಡೆಯುತ್ತದೆ, ಆದರೆ ಮೂಗಿಗೆ ಉರಿ, ಕಟ್ಟುವಿಕೆ ತರುತ್ತದೆ, ರೋಮಗಳ ಚಲನೆಯನ್ನು ಕುಂದಿಸುತ್ತದೆ. ಲಾರೆತ್-9 ಎಂಬ, ಸಾಬೂನಿನಂತೆ ವರ್ತಿಸುವ ಸರ್ಫ್ಯಾಕ್ಟೆಂಟ್‌ನ ಕಥೆಯೂ ಹೆಚ್ಚುಕಡಿಮೆ ಇದೇ. ಮೃದುವಾದ ಫಾಸ್ಫೋಲಿಪಿಡ್ ವರ್ಧಕದೊಂದಿಗೆ ಡೆನ್ಮಾರ್ಕಿನಲ್ಲಿ ಮಧುಮೇಹಿಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂಗಿನ ಇನ್ಸುಲಿನ್ ಚರ್ಮದಡಿಯ ಚುಚ್ಚುಮದ್ದಿನ ಸುಮಾರು 20 ಪಟ್ಟು ಬೇಕಾಯಿತು, ಅಷ್ಟಾದರೂ ಸಕ್ಕರೆಯ ಹತೋಟಿ ಚುಚ್ಚುಮದ್ದಿನಷ್ಟು ಸಿಗಲಿಲ್ಲ. ದಿನಕ್ಕೆ ಹಲವು ಬಾರಿ, ಜೀವನಪೂರ್ತಿ ಬಳಸಬೇಕಾದ, ಸ್ವಲ್ಪ ಹೆಚ್ಚುಕಡಿಮೆಯಾದರೂ ಅಪಾಯ ತರುವ ಔಷಧವನ್ನು ಈ ಕ್ಷೇತ್ರ ತನ್ನ ಮೊದಲ ಗುರಿಯಾಗಿ ಆರಿಸಿಕೊಂಡದ್ದೇ ಕಷ್ಟದ ಆಯ್ಕೆಯಾಗಿತ್ತು ಎಂದು ಈಗ ಹಿಂತಿರುಗಿ ನೋಡಿದಾಗ ನನಗೆ ಅನ್ನಿಸುತ್ತದೆ. ಪಿತ್ತಲವಣಗಳನ್ನು ಪ್ರಯೋಗಾಲಯದಲ್ಲಿ ಹೋಲಿಕೆಗೆಂದು ಇಟ್ಟುಕೊಳ್ಳಿ. ರೋಗಿಗೆ ಕೊಡುವ ಸ್ಪ್ರೇಗೆ ಅವು ಬೇಡ.

ಇದಕ್ಕೆ ಎದುರಾಗಿ ನಿಲ್ಲಿಸಬೇಕಾದ್ದು ಡೋಡೆಸಿಲ್ ಮಾಲ್ಟೋಸೈಡ್. ಮಾಲ್ಟೋಸ್ ಸಕ್ಕರೆಯ ತಲೆ, ಹನ್ನೆರಡು ಇಂಗಾಲದ ಬಾಲ ಇರುವ, ವಿದ್ಯುದಾವೇಶವಿಲ್ಲದ ಈ ಸರ್ಫ್ಯಾಕ್ಟೆಂಟ್ ಬಹಳ ಕಡಿಮೆ ಪ್ರಮಾಣದಲ್ಲಿ, ಶೇ 0.2–0.25ರ ಆಸುಪಾಸಿನಲ್ಲಿ, ಬೆಸುಗೆಯನ್ನು ತಾತ್ಕಾಲಿಕವಾಗಿ ಸಡಿಲಿಸುತ್ತದೆ. ಮೈಗ್ರೇನ್ ಔಷಧ ಸುಮಾಟ್ರಿಪ್ಟಾನ್‌ನ ಎರಡು ಸ್ಪ್ರೇಗಳನ್ನು ಪಕ್ಕದಲ್ಲಿಟ್ಟರೆ ಅದರ ಬಲ ಕಾಣುತ್ತದೆ. 1997ರಿಂದ ಅಮೆರಿಕದ ಮಾರುಕಟ್ಟೆಯಲ್ಲಿರುವ, ವರ್ಧಕವಿಲ್ಲದ 20 ಮಿ.ಗ್ರಾಂ ಸ್ಪ್ರೇಯ ಲಭ್ಯತೆ ಚರ್ಮದಡಿಯ ಚುಚ್ಚುಮದ್ದಿಗೆ ಹೋಲಿಸಿದರೆ ಶೇ 17 ಮಾತ್ರ. ಉಳಿದದ್ದರ ಒಂದು ಪಾಲು ನುಂಗಿದ ಮಾತ್ರೆಯಂತೆ ಹೊಟ್ಟೆಗೆ ಹೋಗುತ್ತದೆ. 2019ರಲ್ಲಿ ಬಂದ ಟೊಸಿಮ್ರಾ ಎಂಬ ಸ್ಪ್ರೇಯಲ್ಲಿ ಡೋಡೆಸಿಲ್ ಮಾಲ್ಟೋಸೈಡ್ ಇದೆ, ಮತ್ತು ಅದರ 10 ಮಿ.ಗ್ರಾಂ ಡೋಸು 4 ಮಿ.ಗ್ರಾಂ ಚುಚ್ಚುಮದ್ದಿಗೆ ಹೋಲುವ ಮಟ್ಟವನ್ನು ರಕ್ತದಲ್ಲಿ ತರುತ್ತದೆ, ಅದೂ ಸುಮಾರು ಹತ್ತು ನಿಮಿಷದಲ್ಲಿ ಗರಿಷ್ಠಕ್ಕೆ ಏರಿ. 2020ರ ಜನವರಿಯ ವಾಲ್ಟೊಕೊ ಎಂಬ ಡಯಜೆಪಾಮ್ ಸ್ಪ್ರೇ ವಿಟಮಿನ್ ಇ, ಆಲ್ಕೋಹಾಲ್ ಮತ್ತು ಇದೇ ವರ್ಧಕವನ್ನು ಜೊತೆಗೂಡಿಸಿ ಶೇ 97 ಲಭ್ಯತೆ ಮುಟ್ಟಿತು. ಅಲ್ಲಿ ಕರಗಿಸುವಿಕೆ, ದಾಟಿಸುವಿಕೆ ಎರಡೂ ಒಟ್ಟಿಗೆ ಕೆಲಸ ಮಾಡಿವೆ. ಇದೇ ವರ್ಧಕದೊಂದಿಗೆ 2023ರಲ್ಲಿ ಓಪಿಯಾಯ್ಡ್ ಅತಿಸೇವನೆಗೆ ನಾಲ್ಮೆಫೀನ್ ಸ್ಪ್ರೇ ಬಂತು, 2024ರ ಆಗಸ್ಟಿನಲ್ಲಿ ಅಲರ್ಜಿಯ ಆಘಾತಕ್ಕೆ ಎಪಿನೆಫ್ರಿನ್‌ನ ನೆಫಿ ಬಂತು. ಎಪಿನೆಫ್ರಿನ್ ಬರೀ 183 ಡಾಲ್ಟನ್‌ನ ಅಣುವಾದರೂ ನೀರುಪ್ರಿಯವಾದ್ದರಿಂದ ಕೋಶವನ್ನು ದಾಟುವುದಿಲ್ಲ, ಸಾಲದ್ದಕ್ಕೆ ತಾನೇ ಮೂಗಿನ ರಕ್ತನಾಳಗಳನ್ನು ಕುಗ್ಗಿಸಿ ತನ್ನ ದಾರಿಯನ್ನು ತಾನೇ ಕಿರಿದಾಗಿಸುತ್ತದೆ. ಸ್ನಾಯುವಿಗೆ 0.3 ಮಿ.ಗ್ರಾಂ ಕೊಡುವಲ್ಲಿ ಮೂಗಿಗೆ 2 ಮಿ.ಗ್ರಾಂ ಮತ್ತು ವರ್ಧಕ ಎರಡೂ ಬೇಕಾದದ್ದು ಇದರಿಂದಲೇ. ಅಣುತೂಕ ಒಂದನ್ನೇ ನೋಡಿ ನಿರ್ಧರಿಸುವವರು ಈ ಔಷಧವನ್ನು ಗಮನವಿಟ್ಟು ಓದಬೇಕು.

ಈ ಸಾಲಿನಲ್ಲಿ ಇನ್ನೊಂದು ಹತ್ತಿರದ ಸಂಬಂಧಿ ಡೋಡೆಸಿಲ್ ಫಾಸ್ಫೋಕೋಲೀನ್. 2019ರ ಜುಲೈನಲ್ಲಿ ಅನುಮೋದನೆಯಾದ ಬಾಕ್ಸಿಮಿ ಎಂಬ 3 ಮಿ.ಗ್ರಾಂ ಗ್ಲುಕಗಾನ್ ಪುಡಿಯಲ್ಲಿ ಇದು ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ಜೊತೆಗಿದೆ. ಸಕ್ಕರೆ ತೀರ ಇಳಿದು ಎಚ್ಚರ ತಪ್ಪಿದ ಮಧುಮೇಹಿಯ ಮೂಗಿನೊಳಕ್ಕೆ ಪುಡಿಯನ್ನು ಒತ್ತಿದರೆ ಸಾಕು, ಆತ ಉಸಿರೆಳೆದುಕೊಳ್ಳಬೇಕಾಗಿಲ್ಲ, ನೆಗಡಿಯಿದ್ದರೂ ಹೀರಿಕೆ ನಡೆಯುತ್ತದೆ. ಗ್ಲುಕಗಾನ್ 3,483 ಡಾಲ್ಟನ್‌ನ ಪೆಪ್ಟೈಡ್, ನೀರಿನಲ್ಲಿ ನಾರುಗಟ್ಟುವ ಸ್ವಭಾವದ್ದು. ಪುಡಿಯ ರೂಪ, ಸೈಕ್ಲೋಡೆಕ್ಸ್‌ಟ್ರಿನ್, ಸರ್ಫ್ಯಾಕ್ಟೆಂಟ್ ಈ ಮೂರನ್ನೂ ಒಂದೇ ಉತ್ಪನ್ನದಲ್ಲಿ ಹೊಂದಿಸಿದ ಈ ವಿನ್ಯಾಸವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ವಿವರವಾಗಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಒಂದೊಂದು ತಡೆಗೂ ಒಂದೊಂದು ಉತ್ತರವಿದೆ.

ಹೆಸರಿಸಿದ ಈ ಉತ್ಪನ್ನಗಳೆಲ್ಲ ಮೈಗ್ರೇನ್, ಸೆಳೆತ, ಅತಿಸೇವನೆ, ಅಲರ್ಜಿಯ ಆಘಾತ, ಸಕ್ಕರೆಯ ಕುಸಿತ ಇಂಥ ಯಾವಾಗಲೋ ಒಮ್ಮೆ ಬರುವ ಸಂದರ್ಭಗಳಿಗೆ ಆಗಿರುವಂಥವು. ಮೂಗಿನ ಪೊರೆಗೆ ನಡುವೆ ದಿನಗಳ ಬಿಡುವು ಸಿಗುತ್ತದೆ. ದಿನಾ ಎರಡು ಹೊತ್ತು ಬಳಸುವ ಔಷಧಕ್ಕೆ ಇದೇ ವರ್ಧಕ ಸರಿಹೋಗುತ್ತದೆ ಎಂದು ಈ ಅನುಮೋದನೆಗಳಿಂದ ತೀರ್ಮಾನಿಸಲು ಬರುವುದಿಲ್ಲ.

ಹಾಗಾದರೆ ಕೈಟೊಸಾನ್? ಸೀಗಡಿ ಮತ್ತು ಏಡಿಯ ಚಿಪ್ಪಿನ ಕೈಟಿನ್‌ನಿಂದ ತಯಾರಾಗುವ ಈ ಪಾಲಿಮರ್‌ಗೆ ಧನಾವೇಶವಿರುವುದರಿಂದ ಋಣಾವೇಶದ ಲೋಳೆಗೆ ಅಂಟಿಕೊಳ್ಳುತ್ತದೆ, ಜೊತೆಗೆ ಬೆಸುಗೆಯನ್ನೂ ಸಡಿಲಿಸುತ್ತದೆ; ಕಾಲ ಹಿಗ್ಗಿಸುವುದು, ದಾರಿ ತೆರೆಯುವುದು ಎರಡೂ ಒಂದರಲ್ಲೇ. ದೊಡ್ಡ ಅಣುವಾದ್ದರಿಂದ ತಾನು ರಕ್ತಕ್ಕೆ ಸೇರುವುದು ತೀರ ಕಡಿಮೆ, ಕೋಶಪೊರೆಯನ್ನು ಕರಗಿಸುವ ಸ್ವಭಾವವೂ ಅದರದ್ದಲ್ಲ. ದಿನನಿತ್ಯದ ಬಳಕೆಗೆ ಸಿದ್ಧಾಂತದ ಮಟ್ಟದಲ್ಲಿ ಇದೇ ಹೆಚ್ಚು ಸೌಮ್ಯವಾದದ್ದು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದರ ತಯಾರಿಕೆಯ ಮೇಲೆ ಕೆಲಸ ಮಾಡಿದೆ, ಕಚ್ಚಾವಸ್ತುವಿಗೆ ನಮ್ಮ ಕರಾವಳಿಯಲ್ಲಿ ಕೊರತೆಯಿಲ್ಲ. ತೊಡಕು ಎರಡು. ಸುಮಾರು 6.5ಕ್ಕಿಂತ ಕಡಿಮೆ ಪಿಎಚ್‌ನಲ್ಲಿ ಮಾತ್ರ ಅದು ಕರಗಿ ಆವೇಶ ಪಡೆಯುತ್ತದೆ, ನೆಗಡಿಯಲ್ಲಿ ಮೂಗಿನ ಪಿಎಚ್ ಏರಿದಾಗ ಅದರ ಶಕ್ತಿ ಕುಗ್ಗುತ್ತದೆ; ಟ್ರೈಮಿಥೈಲ್ ಕೈಟೊಸಾನ್ ಈ ಕೊರತೆಯನ್ನು ತುಂಬಲೆಂದೇ ಬಂದದ್ದು. ಎರಡನೆಯದು ಇನ್ನೂ ಕಷ್ಟದ್ದು: ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಅಣುತೂಕವೂ ಅಸಿಟೈಲ್ ತೆಗೆದ ಪ್ರಮಾಣವೂ ಬದಲಾಗುತ್ತವೆ, ಹಾಗೆಯೇ ಫಲಿತಾಂಶವೂ. ಡೋಡೆಸಿಲ್ ಮಾಲ್ಟೋಸೈಡ್ ಒಂದೇ ಖಚಿತ ಅಣು, ಅದರ ಶುದ್ಧತೆಯನ್ನು ಅಳೆದು ತೋರಿಸಬಹುದು. ನಿಯಂತ್ರಕರ ಮುಂದೆ ಕಡತ ಇಡುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಸೈಕ್ಲೋಪೆಂಟಾಡೆಕನೊಲೈಡ್ ಎಂಬ ವರ್ಧಕವಿರುವ ನಾಕ್ಟಿವಾ ಮಾತ್ರ ರಾತ್ರಿಯ ಮೂತ್ರವನ್ನು ತಗ್ಗಿಸಲು ಪ್ರತಿ ರಾತ್ರಿ ಬಳಸುವ ಡೆಸ್ಮೊಪ್ರೆಸಿನ್ ಸ್ಪ್ರೇಯಾಗಿ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಹಳೆಯ ಸ್ಪ್ರೇಯಲ್ಲಿ ಒಂದು ಒತ್ತಿಗೆ 10 ಮೈಕ್ರೋಗ್ರಾಂ ಇದ್ದಲ್ಲಿ ಇದರಲ್ಲಿ 0.83 ಅಥವಾ 1.66 ಮೈಕ್ರೋಗ್ರಾಂ. ಆದರೂ ರಕ್ತದ ಸೋಡಿಯಂ ಅಪಾಯಕರವಾಗಿ ಇಳಿಯಬಹುದೆಂಬ ಕಟ್ಟೆಚ್ಚರದ ಚೌಕಟ್ಟನ್ನು ಅದರ ಲೇಬಲ್ ಹೊತ್ತಿತು. ಔಷಧ ಪ್ರಬಲವಾದಷ್ಟೂ ಹೀರಿಕೆಯ ಏರುಪೇರಿಗೆ ತೆರಬೇಕಾದ ಬೆಲೆ ಹೆಚ್ಚು.

ಕಿಣ್ವನಿರೋಧಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಸ್ಟಾಟಿನ್, ಅಮಾಸ್ಟಾಟಿನ್ ಮುಂತಾದವು ಅಮಿನೊಪೆಪ್ಟಿಡೇಸ್‌ಗಳನ್ನು ತಡೆಯುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಕಂಡ ಮಾತು. ಪೆಪ್ಟೈಡನ್ನು ಬೇಗ ದಾಟಿಸಿದರೆ ಕಿಣ್ವಕ್ಕೆ ಅವಕಾಶವೇ ಸಿಗುವುದಿಲ್ಲವಾದ್ದರಿಂದ ಇದನ್ನು ಮೊದಲ ಆಯ್ಕೆಯಾಗಿ ನಾನು ಯಾರಿಗೂ ಸೂಚಿಸಿಲ್ಲ. ಉಪಕರಣದ ಮಾತು ಹಾಗಲ್ಲ. ಮೈಗ್ರೇನ್ ಔಷಧವಾದ ಡೈಹೈಡ್ರೋಅರ್ಗೊಟಮಿನ್‌ನ ಹಳೆಯ ಸ್ಪ್ರೇಯಲ್ಲಿ ಕಾಲು ಗಂಟೆಯ ಅಂತರದಲ್ಲಿ ಒಟ್ಟು ನಾಲ್ಕು ಒತ್ತು, 2 ಮಿ.ಗ್ರಾಂ ಕೊಡಬೇಕಿತ್ತು, 2021ರಲ್ಲಿ ಬಂದ ಟ್ರುಡೇಸಾ ಅದೇ ಔಷಧವನ್ನು ಮೂಗಿನ ಮೇಲ್ಭಾಗಕ್ಕೆ ತಲುಪಿಸಿ, 1.45 ಮಿ.ಗ್ರಾಂನಿಂದಲೇ ರಕ್ತದಲ್ಲಿ ಹೆಚ್ಚಿನ ಮಟ್ಟ ತಂದಿತು. ಔಷಧ ಬೀಳುವ ಜಾಗ ಬದಲಾದರೆ ಸಾಕಾಗುವಲ್ಲಿ ರಸಾಯನವನ್ನು ಬದಲಿಸಬೇಕಾಗಿಲ್ಲ.

ಪ್ರಯೋಗಾಲಯದ ಹೋಲಿಕೆ ಮೋಸಹೋಗುವ ಜಾಗ

ನಮ್ಮ ರಾಜ್ಯದ ಫಾರ್ಮಸಿ ಕಾಲೇಜುಗಳಲ್ಲಿ ಈ ಹೋಲಿಕೆ ನಡೆಯುವುದು ಹೆಚ್ಚಾಗಿ ಕುರಿಯ ಮೂಗಿನ ಪೊರೆಯ ಮೇಲೆ. ಬೆಳಗಿನ ಜಾವ ಕಸಾಯಿಖಾನೆಗೆ ಹೋಗಿ ಕುರಿಯ ತಲೆ ತಂದು, ಮೂಗಿನ ನಡುಗೋಡೆಯಿಂದ ಪೊರೆಯನ್ನು ಚಿಮಟದಿಂದ ಬಿಡಿಸಿ, ತಣ್ಣಗಿನ ಫಾಸ್ಫೇಟ್ ಬಫರಿನಲ್ಲಿ ತೊಳೆದು, ಫ್ರಾನ್ಜ್ ಡಿಫ್ಯೂಷನ್ ಸೆಲ್‌ನ ಎರಡು ಗಾಜಿನ ಅರೆಗಳ ನಡುವೆ ಬಿಗಿಯುತ್ತೇವೆ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳ ಪ್ರಯೋಗದಲ್ಲಿ ಒಂದು ವರ್ಧಕ ಔಷಧದ ಸಾಗಣೆಯನ್ನು ಮೂರು ಪಟ್ಟು ಹೆಚ್ಚಿಸಿತೆಂದು ಬಂದಾಗ ನಾವಿಬ್ಬರೂ ಬಹಳ ಸಂತೋಷಪಟ್ಟೆವು. ಅದೇ ಪೊರೆಯ ಮೇಲೆ ಫೀನಾಲ್ ರೆಡ್ ಎಂಬ ಬಣ್ಣ ಹಾಕಿ ನೋಡಿದಾಗ ಬಣ್ಣ ಒಂದೇ ಬದಿಯಿಂದ ಗೆರೆಯಾಗಿ ಇಳಿಯಿತು. ಕ್ಲ್ಯಾಂಪ್ ಬಿಗಿಯುವಾಗ ಪೊರೆಯ ಅಂಚು ಹರಿದಿತ್ತು, ಅದನ್ನು ಗಮನಿಸದೆ ಇದ್ದದ್ದು ನನ್ನದೇ ತಪ್ಪು. ಅಂದಿನಿಂದ ಮೂರು ಅಳತೆಗಳಿಲ್ಲದ ಫಲಿತಾಂಶವನ್ನು ನಾನು ಒಪ್ಪುವುದಿಲ್ಲ. ಪ್ರಯೋಗಕ್ಕೆ ಮೊದಲೂ ನಂತರವೂ ಪೊರೆಯ ವಿದ್ಯುತ್ ರೋಧವನ್ನು ಅಳೆಯಬೇಕು. ವರ್ಧಕವನ್ನು ತೊಳೆದ ಮೇಲೆ ಆ ರೋಧ ಹಿಂದಿನ ಮಟ್ಟಕ್ಕೆ ಮರಳುತ್ತದೆಯೇ ಎಂದು ನೋಡಬೇಕು. ಆಮೇಲೆ ಪೊರೆಯನ್ನು ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಕೋಶಗಳ ಸಾಲು ಇಡಿಯಾಗಿದೆಯೇ ಎಂದು ಕಣ್ಣಾರೆ ಕಾಣಬೇಕು. ಹಾಳಾದ ಪೊರೆಯಲ್ಲೂ ಔಷಧ ಚೆನ್ನಾಗಿಯೇ ದಾಟುತ್ತದೆ, ಆ ಅಂಕಿಯನ್ನು ವರ್ಧಕದ ಯಶಸ್ಸೆಂದು ಬರೆದುಕೊಳ್ಳುವುದು ತುಂಬ ಸುಲಭ.

ಇಲಿಯ ಅಂಕಿಗಳನ್ನೂ ಹಾಗೇ ನಂಬಬಾರದು. ಅರಿವಳಿಕೆ ಕೊಟ್ಟ ಇಲಿಯಲ್ಲಿ ಲೋಳೆಯ ಚಲನೆ ಕುಂದಿರುತ್ತದೆ, ದ್ರಾವಣ ಹೊರಹೋಗದಂತೆ ದಾರಿಗಳನ್ನೂ ಎಷ್ಟೋ ವೇಳೆ ಮುಚ್ಚಿರುತ್ತಾರೆ, ದೇಹತೂಕಕ್ಕೆ ಹೋಲಿಸಿದರೆ ಅದರ ಮೂಗಿನ ಮೇಲ್ಮೈ ನಮ್ಮದಕ್ಕಿಂತ ಬಹಳ ದೊಡ್ಡದು. ಇಲಿಯಲ್ಲಿ ಅಮೋಘವಾಗಿ ಕೆಲಸ ಮಾಡಿದ ಇನ್ಸುಲಿನ್ ಸ್ಪ್ರೇಗಳು ಮನುಷ್ಯರಲ್ಲಿ ನಿರಾಸೆ ತಂದದ್ದಕ್ಕೆ ಇವೆಲ್ಲವೂ ಕಾರಣ.

ಮೇಜಿನ ಮೇಲೆ ಅಣುವೊಂದನ್ನು ಇಟ್ಟುಕೊಂಡು

ಇಷ್ಟೆಲ್ಲವನ್ನೂ ನಾನು ಹೇಗೆ ಬಳಸುತ್ತೇನೆಂದರೆ, ಮೊದಲು ಬೇಕಾದ ಡೋಸನ್ನು 0.1 ಮಿ.ಲೀ.ಗೆ ಭಾಗಿಸಿ, ಅಷ್ಟು ಸಾಂದ್ರತೆಗೆ ಔಷಧ ನೀರಿನಲ್ಲಿ ಕರಗುತ್ತದೆಯೇ ಎಂದು ನೋಡುತ್ತೇನೆ. ಕರಗದಿದ್ದರೆ ಬಳಕೆ ಅಪರೂಪವಾದಲ್ಲಿ ಸಹದ್ರಾವಕ, ದಿನನಿತ್ಯವಾದಲ್ಲಿ ಸೈಕ್ಲೋಡೆಕ್ಸ್‌ಟ್ರಿನ್. ಯಾವ ದ್ರಾವಕದಲ್ಲೂ ಡೋಸು ಹಿಡಿಸದಿದ್ದರೆ ಪುಡಿ, ಅದೂ ಹತ್ತಾರು ಮಿಲಿಗ್ರಾಂ ಮೀರಿದರೆ ಮೂಗಿನ ದಾರಿಯನ್ನೇ ಕೈಬಿಡುವುದು. ಕರಗುತ್ತದೆ ಎಂದಾದರೆ ವರ್ಧಕವಿಲ್ಲದ ಸಾದಾ ಸ್ಪ್ರೇಯೊಂದನ್ನು ಮಾಡಿ ಅಳೆಯುತ್ತೇನೆ, ಏಕೆಂದರೆ ನಲೋಕ್ಸೋನ್‌ನಂತೆ ಅರ್ಧದಷ್ಟು ಲಭ್ಯತೆಯೇ ಸಾಕಾಗುವ ಔಷಧಗಳು ಬಹಳ ಇವೆ ಮತ್ತು ಡೋಸನ್ನು ಸ್ವಲ್ಪ ಹೆಚ್ಚಿಸುವುದು ಹೊಸ ವರ್ಧಕದ ಸುರಕ್ಷತೆಯನ್ನು ಸಾಬೀತುಪಡಿಸುವುದಕ್ಕಿಂತ ಎಷ್ಟೋ ಹಗುರ. ಅಳತೆ ತೀರ ಕಡಿಮೆ ಬಂದು, ಅಣು ಚಿಕ್ಕದಾದ ನೀರುಪ್ರಿಯವಾಗಿದ್ದು, ಬಳಕೆ ಆಗೊಮ್ಮೆ ಈಗೊಮ್ಮೆ ಎಂದಾದರೆ ಡೋಡೆಸಿಲ್ ಮಾಲ್ಟೋಸೈಡ್ ಬಿಟ್ಟು ಬೇರೆಡೆ ಹುಡುಕಲು ನನಗೆ ಕಾರಣ ಕಾಣುವುದಿಲ್ಲ. ತುರ್ತಿನ ಪೆಪ್ಟೈಡ್ ಆದರೆ ಗ್ಲುಕಗಾನ್‌ನ ಮಾದರಿಯ ಪುಡಿ.

ಪ್ರತಿದಿನ ಬಳಸಬೇಕಾದ ಪೆಪ್ಟೈಡ್ ಬಂದಾಗ ಮಾತ್ರ ನಾನು ನಿಧಾನಿಸುತ್ತೇನೆ. ಅದು ಕ್ಯಾಲ್ಸಿಟೋನಿನ್‌ನಂತೆ ಮೈಕ್ರೋಗ್ರಾಂಗಳಲ್ಲಿ ಕೆಲಸ ಮಾಡುವಂಥದ್ದಾಗಿ, ಮಟ್ಟ ಸ್ವಲ್ಪ ಏರುಪೇರಾದರೂ ಹಾನಿಯಿಲ್ಲದಿದ್ದರೆ, ಶೇ 3ರ ಹೀರಿಕೆಯನ್ನು ಒಪ್ಪಿಕೊಂಡು ವರ್ಧಕವಿಲ್ಲದೆ ಮುಂದುವರಿಯಬಹುದು. ಮಟ್ಟ ಏರುಪೇರಾಗಬಾರದ ಪೆಪ್ಟೈಡ್ ಆದರೆ, ಗುಣಮಟ್ಟ ಗೊತ್ತಿರುವ ಒಂದೇ ಮೂಲದ ಕೈಟೊಸಾನ್ ಲವಣವನ್ನು ತೆಗೆದುಕೊಂಡು, ದಿನಕ್ಕೆ ಎರಡು ಬಾರಿಯಂತೆ ವಾರಗಟ್ಟಲೆ ಹಾಕಿದ ಪೊರೆಯ ತುಂಡು ಸೂಕ್ಷ್ಮದರ್ಶಕದಡಿ ಹೇಗಿದೆ ಎಂದು ನೋಡುವವರೆಗೆ ಪ್ರಾಜೆಕ್ಟಿನ ಶೀರ್ಷಿಕೆಗೆ ನಾನು ಸಹಿ ಹಾಕುವುದಿಲ್ಲ.